ಜಾಗ ಊರಿನದು, ಮೇಷ್ಟ್ರು ಸರ್ಕಾರದವರು

ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯ ಚರಿತ್ರೆ ಗೇಟಿನ ಮೇಲಿನ ಹೆಸರಿನಿಂದಲೇ ಶುರುವಾಗುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಅನೇಕ ಊರುಗಳಲ್ಲಿ ‘ಸರಕಾರಿ ಕನ್ನಡ ಗಂಡು ಮಕ್ಕಳ ಶಾಲೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಒಳಗೆ ಹೋಗಿ ನೋಡಿದರೆ ಮುಂದಿನ ಸಾಲಿನಲ್ಲಿ ಹೆಣ್ಣುಮಕ್ಕಳೇ ಕುಳಿತಿರುತ್ತಾರೆ. ಕರಾವಳಿಯಲ್ಲಿ ಹಿರಿಯರು ಈಗಲೂ ‘ಬೋರ್ಡು ಶಾಲೆ’ ಎನ್ನುತ್ತಾರೆ. ಆ ಬೋರ್ಡು ಯಾವುದೆಂದು ಅವರ ಮೊಮ್ಮಕ್ಕಳಿಗೆ ತಿಳಿಯದು, ಕರಿಹಲಗೆಯೇ ಇರಬೇಕು ಎಂದುಕೊಂಡಿರುತ್ತಾರೆ. ಹುಬ್ಬಳ್ಳಿ ಕಡೆಯ ಅಜ್ಜ ‘ನಾನು ಮುಲ್ಕಿ ಪಾಸು’ ಎಂದು ಎದೆಯುಬ್ಬಿಸಿದರೆ, ಮಂಡ್ಯದ ಕಡೆಯ ಅಜ್ಜ ‘ನಮ್ಮದು ಎಲ್.ಎಸ್.’ ಎನ್ನುತ್ತಾನೆ. ಮುಲ್ಕಿ ಎಂದರೆ ಆ ಕಡೆಯ ಏಳನೇ ತರಗತಿಯ ಪರೀಕ್ಷೆ; ಎಲ್.ಎಸ್. ಎಂಬುದು ಲೋವರ್ ಸೆಕೆಂಡರಿಯ ಗಿಡ್ಡ ರೂಪ.

1956ರ ನವೆಂಬರ್ 1ರಂದು ರಾಜ್ಯ ಒಂದಾಗುವವರೆಗೆ ಕನ್ನಡನಾಡು ಹಂಚಿಹೋಗಿತ್ತು. ನಡುವೆ ಮೈಸೂರು ಸಂಸ್ಥಾನ, ಮೇಲೆ ಮುಂಬಯಿ ಪ್ರಾಂತ್ಯ, ಪಶ್ಚಿಮಕ್ಕೂ 1953ರವರೆಗೆ ಬಳ್ಳಾರಿಗೂ ಮದರಾಸು, ಕಲಬುರಗಿ, ರಾಯಚೂರು, ಬೀದರಿಗೆ ನಿಜಾಮನ ಹೈದರಾಬಾದು, ಬೇರೆಯೇ ಆಗಿದ್ದ ಕೊಡಗು. ಒಂದೊಂದು ಕಡೆ ಒಂದೊಂದು ಕಾನೂನು, ಒಂದೊಂದು ಪಠ್ಯಪುಸ್ತಕ, ಒಂದೊಂದು ಪರೀಕ್ಷೆ. ‘ಗಂಡು ಮಕ್ಕಳ ಶಾಲೆ’ ಮುಂಬಯಿ ಸರ್ಕಾರದ ಮಾತು. ‘ಬೋರ್ಡು’ ಎಂದರೆ ಮದರಾಸಿನ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು. ಆಡಳಿತಗಳು ಹೋದವು, ಹೆಸರುಗಳು ಗೋಡೆಯ ಮೇಲೂ ನಾಲಿಗೆಯ ಮೇಲೂ ಉಳಿದವು.

ಇಷ್ಟು ಭಿನ್ನ ಸರ್ಕಾರಗಳ ಕೆಳಗೆ ಹುಟ್ಟಿದರೂ ಬಹುಪಾಲು ಶಾಲೆಗಳ ಅಡಿಯಲ್ಲಿ ಒಂದೇ ಬಗೆಯ ಬಾಯಿಮಾತಿನ ಒಪ್ಪಂದವಿದೆ. ಊರು ಜಾಗ ಕೊಡಬೇಕು, ಸರ್ಕಾರ ಮೇಷ್ಟ್ರನ್ನು ಕೊಡಬೇಕು. ಶಾಲೆ ಏಕೆ ಅಲ್ಲೇ ಇದೆ, ಯಾರ ಮಕ್ಕಳು ಮೊದಲು ಓದಿದರು, ಯಾರು ಮೂರು ತಲೆಮಾರು ಹೊರಗೆ ಉಳಿದರು ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಒಪ್ಪಂದದ ಬಳಿಯೇ.

ಸರ್ಕಾರ ಬರುವ ಮುಂಚೆ ಊರಲ್ಲಿ ಓದು ಇರಲಿಲ್ಲವೆಂದಲ್ಲ. ಹಳೆಯ ಮೈಸೂರಿನಲ್ಲಿ ಕೂಲಿಮಠ, ಉತ್ತರದಲ್ಲಿ ಗಾವಟಿ ಶಾಲೆ. ಕಲಿಸುವವರು ಐಗಳು. ಮಕ್ಕಳ ಮನೆಯವರು ಕೊಡುವ ಕಾಸು, ಕಾಳುಕಡ್ಡಿಯೇ ಅವರ ಕೂಲಿ. ಮಹಾನವಮಿ ಬಂತೆಂದರೆ ಹುಡುಗರು ಸಾಲುಗಟ್ಟಿ ಮನೆಮನೆಯ ಮುಂದೆ ಪದ ಹಾಡಿ ಗುರುದಕ್ಷಿಣೆ ಎತ್ತುತ್ತಿದ್ದರು. ಐಗಳ ವರ್ಷದ ಬೋನಸ್ಸು ಎನ್ನಿ. ಮರಳಿನ ಮೇಲೆ ಬೆರಳಿನಿಂದ ತಿದ್ದಿ ಅಕ್ಷರ ಕೈಗೆ ಹತ್ತಿದ ಮೇಲೆ ‘ಕಡತ’ ಸಿಗುತ್ತಿತ್ತು. ಬಟ್ಟೆಗೆ ಅಂಟು, ಇದ್ದಿಲು ಬಳಿದು ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕವದು. ಬಳಪದಲ್ಲಿ ಬರೆ, ಒರೆಸು, ಮತ್ತೆ ಬರೆ. ಅದೇ ಪದ ಇಂದು ಸರ್ಕಾರಿ ಕಚೇರಿಯ ಫೈಲಿಗೆ ಅಂಟಿಕೊಂಡಿದೆ. ಒರೆಸುವ ಗುಣ ಮಾತ್ರ ಹೋಯಿತು.

ಈ ಮಠಗಳ ಲೆಕ್ಕವನ್ನು ಒಬ್ಬ ಕಲೆಕ್ಟರ್ ಬರೆದಿಟ್ಟಿದ್ದಾನೆ. ಬಳ್ಳಾರಿಯ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸು ಸರ್ಕಾರಕ್ಕೆ ಕಳಿಸಿದ ವರದಿಯಂತೆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಇಂದಿನ ಅನಂತಪುರವೂ ಆಗ ಬಳ್ಳಾರಿಯಲ್ಲೇ ಇತ್ತು. 235 ಶಾಲೆಗಳು ಕನ್ನಡದವು, 226 ತೆಲುಗಿನವು; ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು, ಒಂದೇ ಒಂದು ಇಂಗ್ಲಿಷ್. ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಒಂಬತ್ತು ಲಕ್ಷ ಮೀರಿದ ಜನಸಂಖ್ಯೆಯ ಜಿಲ್ಲೆಯಲ್ಲಿ ಸಾವಿರಕ್ಕೆ ಏಳು ಮಂದಿಯೂ ಓದುತ್ತಿಲ್ಲ ಎಂದು ಅವನು ಪೇಚಾಡಿಕೊಂಡ. ಹೆಣ್ಣುಮಕ್ಕಳು ಬರೀ 60.

ಅವನು ಕಂಡ ಇನ್ನೊಂದು ಪದ್ಧತಿ ನನಗೆ ಬಹಳ ಇಷ್ಟ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಐಗಳು ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಹನ್ನೆರಡನೆಯವನ ಅಂಗೈಯ ಗತಿಯನ್ನು ನೀವೇ ಲೆಕ್ಕ ಹಾಕಿ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಇಲ್ಲಿನ ಪದ್ಧತಿಯನ್ನು ಇಂಗ್ಲೆಂಡಿನಲ್ಲೂ ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಅದೇ ವರದಿ ಮೆಚ್ಚಿಕೊಂಡಿದೆ. ಇಷ್ಟನ್ನೇ ಹಿಡಿದು ‘ನಮ್ಮಲ್ಲಿ ಎಲ್ಲ ಇತ್ತು’ ಎನ್ನುವವರಿದ್ದಾರೆ. ಸಾವಿರಕ್ಕೆ ಏಳು ಎಂಬ ಲೆಕ್ಕವೂ ಅದೇ ಕಾಗದದಲ್ಲಿದೆಯಲ್ಲ, ಅದನ್ನೂ ಜತೆಗೇ ಓದಬೇಕು.

ಇಲ್ಲೊಂದು ಎಚ್ಚರಿಕೆ. ಶಾಲೆಯ ಗೋಡೆಯ ಮೇಲೆ ‘ಸ್ಥಾಪನೆ: 1890’ ಎಂದಿದ್ದರೆ ಊರಿನ ಓದು ಅಂದೇ ಶುರುವಾಯಿತೆಂದು ತಿಳಿಯಬಾರದು. ಸರ್ಕಾರದ ಲೆಕ್ಕಪುಸ್ತಕಕ್ಕೆ ಶಾಲೆ ಸೇರಿದ ವರ್ಷ ಅದಿರಬಹುದು. ಅದಕ್ಕೂ ಮೊದಲು ಅದೇ ಚಾವಡಿಯಲ್ಲಿ ಐಗಳ ಮಠ ನಡೆದಿರಬಹುದು. ಅದೇ ಐಗಳು ಸಂಬಳದ ಮೇಷ್ಟ್ರಾಗಿ ಮುಂದುವರಿದಿರಲೂಬಹುದು.

ಕಂಪನಿ ಸರ್ಕಾರ ಊರಿನ ಓದಿಗೆ ನಿಜವಾಗಿ ಕೈಹಾಕಿದ್ದು 1854ರ ನಂತರ. ಲಂಡನ್ನಿನಿಂದ ಆ ವರ್ಷ ಬಂದ ಶಿಕ್ಷಣದ ಆದೇಶಪತ್ರ ಪ್ರಾಂತ್ಯಕ್ಕೊಂದು ವಿದ್ಯಾ ಇಲಾಖೆ ಬೇಕೆಂದಿತು. ಮೈಸೂರಿನಲ್ಲಿ ಇಲಾಖೆ 1857ರಲ್ಲಿ ಶುರುವಾಯಿತು. ಶಾಸನಗಳ ಸಂಪಾದಕರೆಂದು ನಾವು ಬಲ್ಲ ಬಿ.ಎಲ್. ರೈಸ್ ಅಲ್ಲಿ ಶಿಕ್ಷಣಾಧಿಕಾರಿಯೂ ಆಗಿದ್ದರು. ಹೋಬಳಿಗೊಂದು ಶಾಲೆ ಎಂಬ 1868ರ ಯೋಜನೆ ಅವರದ್ದು. ಮುಂಬಯಿ ಪ್ರಾಂತ್ಯ 1860ರ ದಶಕದಲ್ಲಿ ಕಂದಾಯದ ರೂಪಾಯಿಗೆ ಒಂದಾಣೆ ಸೆಸ್ ಹೇರಿ, ಅದರ ಮೂರನೇ ಒಂದು ಪಾಲನ್ನು ಶಾಲೆಗಳಿಗೆ ಎತ್ತಿಟ್ಟಿತು. ರೈತನ ಮಗ ಶಾಲೆಗೆ ಹೋಗಲಿ ಬಿಡಲಿ, ಅವನ ಹೊಲ ಮಾತ್ರ ಫೀಸು ಕಟ್ಟತೊಡಗಿತು. ಉತ್ತರದಲ್ಲಿ ಯಾವ ಭಾಷೆಯಲ್ಲಿ ಕಲಿಸುವುದೆಂಬುದೇ ಜಗಳವಾಗಿತ್ತು. ಕನ್ನಡದ ಹಳ್ಳಿಯಲ್ಲೂ ಮರಾಠಿ ಶಾಲೆ. ಅಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದವರಲ್ಲಿ ಮೊದಲ ಹೆಸರು ಡೆಪ್ಯುಟಿ ಚೆನ್ನಬಸಪ್ಪನವರದು (1833–1881). ‘ಡೆಪ್ಯುಟಿ’ ಎಂಬುದು ಹುದ್ದೆ. ಜನ ಅದನ್ನು ಹೆಸರಿಗೇ ಸೇರಿಸಿಬಿಟ್ಟರು. ನಿಜಾಮನ ಸೀಮೆಯಲ್ಲಿ ಆಡಳಿತದ ಭಾಷೆ ಉರ್ದು. ಅಲ್ಲಿನ ಹಳ್ಳಿಯ ಹುಡುಗನಿಗೆ ಶಾಲೆಯೂ ದೂರ, ಶಾಲೆಯ ಭಾಷೆಯೂ ದೂರ.

ಇನ್ನು ಜಾಗದ ಮಾತು. ಊರು ಶಾಲೆಗೆ ಮೊದಲು ತೋರಿಸುತ್ತಿದ್ದ ಜಾಗ ಯಾವುದು? ದೇವಸ್ಥಾನದ ಪೌಳಿ, ಮಠದ ಪಡಸಾಲೆ, ಊರಗೌಡರ ಜಗಲಿ, ಚಾವಡಿ. ಬಾಡಿಗೆಯಿಲ್ಲದ ನೆರಳು, ಸರ್ಕಾರಕ್ಕೂ ಖುಷಿ. ಆದರೆ ಗುಡಿಯ ಪೌಳಿಗೆ ಯಾರು ಕಾಲಿಡಬಹುದು ಎಂಬುದು ಮೊದಲೇ ತೀರ್ಮಾನವಾಗಿತ್ತು. ಶಾಲೆ ಅಲ್ಲಿ ಕೂತೊಡನೆ ಆ ತೀರ್ಮಾನ ಶಾಲೆಗೂ ಅಂಟಿತು. ಕಾನೂನಿನಲ್ಲಿ ಎಲ್ಲೂ ಬರೆಯದೆಯೇ ಹೊಲೆಗೇರಿ, ಮಾದಿಗರ ಕೇರಿಯ ಮಕ್ಕಳು ಹೊರಗುಳಿದದ್ದು ಹೀಗೆ. ಬಂದರೂ ಜಗಲಿಯ ಕೆಳಗೆ ಕೂರಬೇಕು, ಒಳಗಿನ ಪಾಠ ಹೊರಗಿನಿಂದ ಕೇಳಬೇಕು.

ಇದು ಸರ್ಕಾರದ ಕಾಗದಕ್ಕೆ ಏರಿದ್ದು ಧಾರವಾಡದಿಂದ. 1856ರ ಜೂನ್‌ನಲ್ಲಿ ಒಬ್ಬ ಮಹಾರ್ ಹುಡುಗ, ತನ್ನನ್ನು ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲವೆಂದು ಅರ್ಜಿ ಹಾಕಿದ. ಮುಂಬಯಿ ಸರ್ಕಾರದ ಉತ್ತರ ಓದಿದರೆ ಇಂದಿನ ಯಾವುದೋ ಇಲಾಖೆಯ ಹಿಂಬರಹ ಓದಿದಂತಿದೆ. ನ್ಯಾಯ ಹುಡುಗನ ಕಡೆಗೇ ಇದೆ, ಸಂಶಯವಿಲ್ಲ. ಆದರೆ ಒಬ್ಬಿಬ್ಬರ ಸಲುವಾಗಿ ತಲೆತಲಾಂತರದ ಭಾವನೆಗಳಿಗೆ ಕೈಹಾಕಿದರೆ ಶಿಕ್ಷಣಕ್ಕೇ ಧಕ್ಕೆ ಬರಬಹುದು. ಭಾರತ ಸರ್ಕಾರಕ್ಕೆ ಈ ಉತ್ತರ ಹಿಡಿಸಲಿಲ್ಲ. 1858ರ ಏಪ್ರಿಲ್‌ನಲ್ಲಿ ಕಂಪನಿಯ ನಿರ್ದೇಶಕ ಮಂಡಳಿ, ಸರ್ಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕೆಂದು ಸ್ಪಷ್ಟಪಡಿಸಿತು. ಅಷ್ಟಾದರೂ ಮುಂಬಯಿ ಸರ್ಕಾರ ಒಂದು ಕಿಂಡಿ ಉಳಿಸಿಕೊಂಡಿತು. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಗಳು ಎಲ್ಲರಿಗೂ ಮುಕ್ತ. ಅರ್ಧ ಖರ್ಚು ಊರವರು ಹೊತ್ತು, ಅವರು ಬೇಡವೆನ್ನುವ ಶಾಲೆಗಳಲ್ಲಿ ಕೆಳಜಾತಿಯ ಮಕ್ಕಳನ್ನು ಸೇರಿಸುವ ಯೋಚನೆ ತನಗಿಲ್ಲ, ಬೇಕೆಂದರೆ ಅಂಥ ಶಾಲೆಯ ಸಹಾಯಧನ ನಿಲ್ಲಿಸುವ ಹಕ್ಕು ಮಾತ್ರ ತನಗಿದೆ ಎಂದಿತು. ಅಂದರೆ ಊರು ಪಾಲು ಕೊಟ್ಟಷ್ಟೂ ಬಾಗಿಲ ಚಿಲಕ ಊರಿನ ಕೈಯಲ್ಲೇ ಉಳಿಯಿತು. ‘ಊರವರ ಸಹಕಾರದಿಂದ ಶಾಲೆ ಬೆಳೆಯಿತು’ ಎಂಬ ಸಾಲನ್ನು ಸ್ಮರಣಸಂಚಿಕೆಗಳಲ್ಲಿ ಓದುವಾಗಲೆಲ್ಲ ನನಗೆ ಈ ಚಿಲಕದ ನೆನಪಾಗುತ್ತದೆ.

ಬೇರೆ ದಾರಿ ಹಿಡಿದವರೂ ಇದ್ದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆಂದೇ ಶಾಲೆ ತೆರೆದರು. ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರ ಉಂಡರು.

ಇಪ್ಪತ್ತನೇ ಶತಮಾನದಲ್ಲಿ ‘ಬಂದರೆ ಕಲಿಸುತ್ತೇವೆ’ ಎಂಬ ಮಾತು ‘ಬರಲೇಬೇಕು’ ಎಂದಾಗತೊಡಗಿತು. ಗೋಖಲೆಯವರ ಕಡ್ಡಾಯ ಶಿಕ್ಷಣದ ಮಸೂದೆ ಕೇಂದ್ರ ಶಾಸನಸಭೆಯಲ್ಲಿ ಬಿದ್ದುಹೋದರೂ ಮೈಸೂರು ಸಂಸ್ಥಾನ 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಪ್ರಾಥಮಿಕ ಶಿಕ್ಷಣದ ಕಾನೂನು ತಂದು ಆಯ್ದ ಊರುಗಳಲ್ಲಿ ಕಡ್ಡಾಯ ಮಾಡಿತು. ಮದರಾಸಿನ ಕಾನೂನು 1920ರದು, ಮುಂಬಯಿಯದು 1923ರದು. ಇವು ಶಾಲೆಗಳ ಹೊಣೆಯನ್ನು ಬಹುಮಟ್ಟಿಗೆ ಸ್ಥಳೀಯ ಬೋರ್ಡುಗಳ ಹೆಗಲಿಗೆ ದಾಟಿಸಿದವು. ಬೋರ್ಡಿನ ಸದಸ್ಯನ ಕೃಪೆಯಿದ್ದರೆ ಮೇಷ್ಟ್ರಿಗೆ ಸ್ವಂತ ಊರು, ಇಲ್ಲದಿದ್ದರೆ ಕಾಡಿನಂಚು. ಮೈಸೂರು 1941ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಮತ್ತೆ ಸರ್ಕಾರದ ಕೈಗೇ ತೆಗೆದುಕೊಂಡಿತು. ಏಕೀಕರಣದ ನಂತರ ಇಡೀ ರಾಜ್ಯಕ್ಕೊಂದು ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾನೂನು 1961ರಲ್ಲಿ ಬಂತು. ಕಡ್ಡಾಯ ಎನ್ನುವುದು ಸುಲಭ. ಸುಗ್ಗಿಯ ದಿನ ಹುಡುಗನನ್ನು ದನದ ಹಿಂದಿನಿಂದ ಎಳೆತರುವವರು ಯಾರು?

ಎಳೆತಂದವರು ಮೇಷ್ಟ್ರೇ. ಅವರು ತಂದದ್ದಕ್ಕೆ ಸಾಕ್ಷಿ ಶಾಲೆಯ ಕಬ್ಬಿಣದ ಬೀರುವಿನಲ್ಲಿದೆ. ಅದರಲ್ಲಿನ ಅತ್ಯಂತ ಬೆಲೆಯುಳ್ಳ ವಸ್ತು ದಾಖಲಾತಿ ಪುಸ್ತಕ. ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ತಂದೆಯ ಕಸುಬು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಊರಿನಲ್ಲಿ ಯಾವ ಕೇರಿಯ ಮೊದಲ ಮಗು ಯಾವ ವರ್ಷ ಶಾಲೆಗೆ ಬಂತು, ಮೊದಲ ಹುಡುಗಿ ಯಾರ ಮಗಳು, ಎಷ್ಟು ಜನ ಎರಡನೇ ತರಗತಿಗೇ ಬಿಟ್ಟರು ಎಂಬುದೆಲ್ಲ ಅಲ್ಲಿದೆ. ಇದನ್ನು ಒಂದು ವಾರ ಕೂತು ಓದಿದರೆ ಊರಿನ ಚರಿತ್ರೆಯನ್ನು ಯಾರೂ ಬೇರೆ ಹೇಳಿಕೊಡಬೇಕಾಗಿಲ್ಲ.

ಆದರೆ ಹುಟ್ಟಿದ ದಿನದ ಕಾಲಮ್ಮನ್ನು ಮಾತ್ರ ನಂಬಬೇಡಿ. ‘ದೊಡ್ಡ ಮಳೆ ಬಂದ ವರ್ಷ’, ‘ಕಾರಹುಣ್ಣಿಮೆಯ ಆಚೀಚೆ’ ಎಂದು ತಾಯಿ ಹೇಳಿದರೆ ಮೇಷ್ಟ್ರು ಏನು ಬರೆಯಬೇಕು? ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ವಯಸ್ಸು ಆಗಿದೆ ಎಂದರ್ಥ. ಶಾಲೆ ಶುರುವಾಗುವುದು ಜೂನ್‌ನಲ್ಲಾದ್ದರಿಂದ ಅಲ್ಲಿಂದ ವರ್ಷ ಹಿಂದಕ್ಕೆ ಎಣಿಸಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಕರ್ನಾಟಕದಲ್ಲಿ ಐವತ್ತು ದಾಟಿದವರಲ್ಲಿ ಅಷ್ಟೊಂದು ಜನ ಜೂನ್ 1ರಂದೇ ಹುಟ್ಟಿರುವುದರ, ಪ್ರತಿ ವರ್ಷ ಮೇ 31ಕ್ಕೆ ಸರ್ಕಾರಿ ಕಚೇರಿಗಳಲ್ಲಿ ಬೀಳ್ಕೊಡುಗೆಯ ಹಾರಗಳು ಹೆಚ್ಚು ಖರ್ಚಾಗುವುದರ ಗುಟ್ಟು ಇಷ್ಟೇ. ಕೈ ಉದ್ದವಿದ್ದ ಹುಡುಗ ಒಂದು ವರ್ಷ ಮೊದಲೇ ನಿವೃತ್ತನಾದ.

ಬೀರುವಿನಲ್ಲಿ ಇರಬೇಕಾಗಿದ್ದು, ಹಲವು ಕಡೆ ಇಲ್ಲದ್ದು, ಜಾಗದ ದಾನಪತ್ರ. ‘ನನ್ನ ಹೊಲದ ಮೂಲೆಯಲ್ಲಿ ಕಟ್ಟಿಕೊಳ್ಳಿ’ ಎಂದು ಊರ ಮುಂದೆ ನಿಂತು ಹೇಳಿದ ಯಜಮಾನನ ಮಾತೇ ಅಂದಿಗೆ ರಿಜಿಸ್ಟ್ರೇಷನ್. ಅವನು ತೀರಿಕೊಂಡು, ಮಕ್ಕಳು ಪಾಲಾಗಿ, ರಸ್ತೆ ಬಂದು, ಗುಂಟೆಗೆ ಬೆಲೆ ಏರಿದ ಮೇಲೆ ಮೊಮ್ಮಗ ಪಹಣಿ ಹಿಡಿದು ಬರುತ್ತಾನೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುತ್ತದೆ. ಕಾಂಪೌಂಡ್ ಕಟ್ಟಲು ಹೋದಾಗಲೋ ಹೊಸ ಕೊಠಡಿಗೆ ಪಾಯ ತೆಗೆದಾಗಲೋ ವ್ಯಾಜ್ಯ ಹುಟ್ಟುತ್ತದೆ. ಅನುದಾನ ಬಂದರೂ ಕೆಲಸ ನಿಲ್ಲುವುದಕ್ಕೆ ಭ್ರಷ್ಟಾಚಾರವೇ ಕಾರಣವಾಗಬೇಕಿಲ್ಲ. ಎಷ್ಟೋ ಸಲ ಎಂಬತ್ತು ವರ್ಷ ಹಿಂದಿನ ಒಂದು ಒಳ್ಳೆಯ ಮಾತು ಕಾಗದಕ್ಕೆ ಇಳಿಯದೇ ಹೋದದ್ದೇ ಕಾರಣ.

ಒಪ್ಪಂದದ ಇನ್ನೊಂದು ತುದಿ, ಮೇಷ್ಟ್ರು. ದಶಕಗಳ ಕಾಲ ಸರ್ಕಾರ ಕೊಟ್ಟದ್ದು ಒಬ್ಬರನ್ನೇ. ಏಕೋಪಾಧ್ಯಾಯ ಶಾಲೆ ಎಂಬ ಗಂಭೀರ ಹೆಸರಿನ ಅರ್ಥ, ಒಂದೇ ಕೋಣೆಯಲ್ಲಿ ನಾಲ್ಕು ತರಗತಿ, ಒಬ್ಬರೇ ಮೇಷ್ಟ್ರು. ಅವರಿಗೆ ಜ್ವರ ಬಂದರೆ ಊರಿಗೇ ರಜೆ. ಪ್ರತಿ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಇರಬೇಕೆಂಬ ಸಾದಾ ಗುರಿ ಕೇಂದ್ರದ ಯೋಜನೆಯಾದದ್ದು 1987ರಲ್ಲಿ, ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಎಂಬ ಯುದ್ಧದಂಥ ಹೆಸರಿನೊಂದಿಗೆ. ಹಲವು ತರಗತಿಗಳ ಮಕ್ಕಳು ಒಟ್ಟಿಗೆ ಕೂರುವುದನ್ನೇ ಅನುಕೂಲವಾಗಿ ತಿರುಗಿಸಿಕೊಂಡದ್ದು ‘ನಲಿಕಲಿ’. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು, ಆಂಧ್ರದ ರಿಷಿವ್ಯಾಲಿಯಲ್ಲಿ ಕಂಡ ಪದ್ಧತಿಯನ್ನು ತಮ್ಮ ಶಾಲೆಗಳಿಗೆ ಹೊಂದಿಸಿಕೊಂಡರು. ಕಾರ್ಡು, ಹಾಡು, ಗುಂಪು. ಪ್ರತಿ ಮಗು ತನ್ನ ವೇಗದಲ್ಲಿ ಮುಂದೆ ಹೋಗುವುದು. ಆಮೇಲೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಮೇಲಿನಿಂದ ಇಳಿಯದೆ ತಾಲ್ಲೂಕಿನಿಂದ ಏರಿದ ವಿರಳ ಸುಧಾರಣೆ ಅದು.

ಅನ್ನದ ಕಥೆಯೂ ಇದೆ. ಅರುವತ್ತು, ಎಪ್ಪತ್ತರ ದಶಕದಲ್ಲಿ ಓದಿದವರಿಗೆ ಶಾಲೆಯೆಂದರೆ ಅಮೆರಿಕದಿಂದ ಬಂದ ಗೋಧಿ ರವೆಯ ಉಪ್ಪಿಟ್ಟು, ಹಾಲಿನ ಪುಡಿ. ‘ಕೇರ್’ ಸಂಸ್ಥೆಯ ಮೂಲಕ ಬಂದದ್ದರಿಂದ ‘ಕೇರ್ ಉಪ್ಪಿಟ್ಟು’ ಎಂದೇ ಹೆಸರು. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಬಿಸಿಯೂಟ ಕೊಡಲೇಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ 2002–03ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಿಂದ ಶುರುವಾಗಿ ಮರುವರ್ಷ ಎಲ್ಲೆಡೆ ಬಂತು. 2013ರ ಆಗಸ್ಟ್ 1ರಿಂದ ಹಾಲೂ ಸೇರಿತು. ಊಟ ಬಂದಮೇಲೆ ಊರಿನ ಹೆಂಗಸರು ಶಾಲೆಯ ಒಳಗೆ ಬಂದರು, ಅಡುಗೆಯವರಾಗಿ. ಅದರೊಂದಿಗೆ ಹಳೆಯ ಚಿಲಕದ ಸದ್ದೂ ಕೇಳಿತು. ಅಡುಗೆ ಮಾಡುವವರ ಜಾತಿ ನೋಡಿ ಮಕ್ಕಳಿಗೆ ಊಟ ಬಿಡಿಸಿದ, ಕೊನೆಗೆ ಮಕ್ಕಳನ್ನೇ ಶಾಲೆ ಬಿಡಿಸಿದ ಸುದ್ದಿಗಳು ಮತ್ತೆ ಮತ್ತೆ ಬರುತ್ತಲೇ ಇವೆ. 1856ರಲ್ಲಿ ಪ್ರಶ್ನೆ ಪಕ್ಕದಲ್ಲಿ ಕೂರುವುದರದ್ದಾಗಿತ್ತು, ಈಗ ತಟ್ಟೆಯದ್ದು.

ಊರಿನ ಪಾಲನ್ನು ಬಾಯಿಮಾತಿನಿಂದ ಕಾಗದಕ್ಕೆ ಇಳಿಸಿದ್ದು 2001ರ ಏಪ್ರಿಲ್‌ನ ಸರ್ಕಾರಿ ಆದೇಶ. ಪ್ರತಿ ಶಾಲೆಗೊಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಜನರ ಬಾಯಲ್ಲಿ ಎಸ್‌ಡಿಎಂಸಿ. ಮುಖ್ಯ ಬದಲಾವಣೆಯೆಂದರೆ, ಸಮಿತಿಗೆ ಆರಿಸಿ ಬರಬೇಕಾದವರು ಊರಿನ ದೊಡ್ಡವರಲ್ಲ. ಅದೇ ಶಾಲೆಯಲ್ಲಿ ಮಕ್ಕಳು ಓದುತ್ತಿರುವ ತಂದೆತಾಯಿಯರು. ಜಾಗ ಕೊಟ್ಟವರ ಮೊಮ್ಮಕ್ಕಳು ಅಷ್ಟರಲ್ಲಿ ಹೋಬಳಿಯ ಕಾನ್ವೆಂಟಿಗೆ ಹೊರಟಿದ್ದರು. ಹಾಗಾಗಿ ಅಧ್ಯಕ್ಷರ ಕುರ್ಚಿಗೆ ಕೂಲಿ ಮಾಡುವ ತಂದೆ, ಬೀಡಿ ಕಟ್ಟುವ ತಾಯಿ ಬಂದರು. ಎಷ್ಟೋ ಕಡೆ ಅವರು ಬೇರೆಯವರು ತೋರಿಸಿದಲ್ಲಿ ಸಹಿ ಹಾಕಿ ಸುಮ್ಮನಾದರು, ನಿಜ. ಕೆಲವೆಡೆ ಮೇಷ್ಟ್ರು ಹತ್ತು ನಿಮಿಷ ತಡವಾಗಿ ಬಂದರೆ ಗೇಟಿನಲ್ಲಿ ನಿಂತು ಗಡಿಯಾರ ತೋರಿಸಿದರು. ಅಂಗೈ ಮೇಲೆ ಸರಸ್ವತಿ ಬರೆಸಿಕೊಳ್ಳುವ ಸರದಿ ಈಗ ಮೇಷ್ಟ್ರದ್ದು!

ಈಗಿನ ಬಿಕ್ಕಟ್ಟು ಬೇರೆ. ಜಾಗವಿದೆ, ಕಟ್ಟಡವಿದೆ, ಊಟವಿದೆ, ಮಕ್ಕಳಿಲ್ಲ. ಮನೆಗೆ ಒಂದೋ ಎರಡೋ ಮಕ್ಕಳು, ಅವರೂ ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ. ಕನ್ನಡ ಮಾಧ್ಯಮವನ್ನು ಖಾಸಗಿ ಶಾಲೆಗಳ ಮೇಲೆ ಕಡ್ಡಾಯ ಮಾಡಲು ರಾಜ್ಯ ನಡೆಸಿದ ದೀರ್ಘ ಹೋರಾಟವನ್ನು ಸುಪ್ರೀಂ ಕೋರ್ಟ್ 2014ರ ಮೇ 6ರ ತೀರ್ಪಿನಲ್ಲಿ ಮುಗಿಸಿತು: ಮಾಧ್ಯಮದ ಆಯ್ಕೆ ತಂದೆತಾಯಿಯದು. ಶಿಕ್ಷಣ ಹಕ್ಕು ಕಾನೂನಿನ ಶೇಕಡ 25ರ ಮೀಸಲಿನಲ್ಲಿ ಸರ್ಕಾರವೇ ಶುಲ್ಕ ಕಟ್ಟಿ ಬಡಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸಿತು. ತನ್ನ ಶಾಲೆಗಳು ಬರಿದಾಗುವುದನ್ನು ಕಂಡು 2019ರಲ್ಲಿ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆ ಸೀಟಿಲ್ಲ ಎಂದಿತು. ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವನ್ನೂ ತೆರೆಯಿತು. ತಂದೆತಾಯಿಯರನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಮೂರು ತಲೆಮಾರು ಜಗಲಿಯ ಕೆಳಗೆ ಕೂತವರ ಮನೆಯವರು ಈಗ ದೂರದ ಶಾಲೆಯ ಬಸ್ಸು ಹತ್ತಿಸಿದರೆ, ಊರ ಶಾಲೆಯ ಅಭಿಮಾನ ಎಲ್ಲಿ ಹೋಯಿತು ಎಂದು ಅವರನ್ನು ಕೇಳುವ ಬಾಯಿ ಯಾರಿಗಿದೆ?

ಮಕ್ಕಳ ಸಂಖ್ಯೆ ಸೊನ್ನೆಗೆ ಇಳಿದಾಗ ಇಲಾಖೆ ‘ಮುಚ್ಚಿದೆವು’ ಎನ್ನುವುದಿಲ್ಲ, ‘ವಿಲೀನ’ ಎನ್ನುತ್ತದೆ. ಬೆಂಚು, ಪಾತ್ರೆ, ನಕಾಶೆ ಪಕ್ಕದೂರಿನ ಶಾಲೆಗೆ ಹೋಗುತ್ತವೆ. ಅವುಗಳ ಜತೆ ದಾಖಲಾತಿ ಪುಸ್ತಕವೂ ಹೋಗುತ್ತದೆ. ಇಲ್ಲದ ಶಾಲೆಯ ಹೆಸರಿನಲ್ಲೇ ಅದನ್ನು ಕಾಪಾಡುವುದು ಅಲ್ಲಿನ ಮುಖ್ಯ ಶಿಕ್ಷಕರ ಕೆಲಸ. ಅರುವತ್ತು ದಾಟಿದ ಹೆಂಗಸು ಒಬ್ಬಳು ಪಿಂಚಣಿಗೆ ವಯಸ್ಸಿನ ದಾಖಲೆ ಬೇಕೆಂದು ಬರುತ್ತಾಳೆ. ಯಾವ ವರ್ಷ ಸೇರಿದ್ದೆಂದು ಅವಳಿಗೆ ನೆನಪಿಲ್ಲ. ಮುಖ್ಯ ಶಿಕ್ಷಕರು ಧೂಳು ಕೊಡವಿ, ಮುರಿಯುವ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತ, ಅವಳ ತಂದೆಯ ಹೆಸರಿನ ಮುಂದೆ ಬೆರಳು ನಿಲ್ಲಿಸುತ್ತಾರೆ. ಹುಟ್ಟಿದ ದಿನ, ಜೂನ್ 1.